ಹೊಸ ಮೊಲವನ್ನು ಗೂಡಿಗೆ ಸೇರಿಸುವ ಮುನ್ನ

ಹೊಸದಾಗಿ ತಂದ ಮೊಲವನ್ನು ಅಂದೇ ಹಳೆಯ ಮೊಲಗಳ ಜೊತೆ ಬಿಡಬೇಡಿರಿ. ರೋಗವಿದ್ದರೆ ಎಲ್ಲಕ್ಕೂ ಅಂಟೀತು. ಎರಡು ಮೂರು ವಾರ ದೂರವಿರಿಸಿ, ಕಿವಿಯ ಕಜ್ಜಿ, ಸೀನು, ಭೇದಿ ಇವೆಯೇ ಎಂದು ನೋಡಿರಿ. ಬೆಳೆದ ಗಂಡುಗಳೆರಡನ್ನು ಒಂದೇ ಗೂಡಿನಲ್ಲಿಡಬಾರದು, ಕಾದಾಡಿ ಗಾಯಗೊಳ್ಳುವುವು. ಮರಿಗಾಗಿ ಕೂಡಿಸುವಾಗ ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಿರಿ. ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ, ತನ್ನ ಜಾಗವೆಂದು ಅದು ಕಚ್ಚುವುದುಂಟು. ಸುಮಾರು 31 ದಿನಕ್ಕೆ ಮರಿ ಹಾಕುವುದು. 28ನೆಯ ದಿನವೇ ಒಣಹುಲ್ಲು ಹಾಸಿದ ಪೆಟ್ಟಿಗೆ ಇಡಿರಿ.

ಗೂಡು ಮನೆಯ ಹೊರಗಿದ್ದರೆ ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿರಲಿ. ಸಣ್ಣ ಕಣ್ಣಿನ ತಂತಿಬಲೆ ಹಾಕಿದರೆ ನಾಯಿ, ಮುಂಗುಸಿ, ಹಾವುಗಳ ಕಾಟ ತಪ್ಪೀತು. ಮೊಲಕ್ಕೆ ನಮ್ಮಂತೆ ಬೆವರಿ ತಣಿಯಲು ಬಾರದು. ಬಿಸಿಲಿನ ಝಳಕ್ಕೆ ಸತ್ತೇಹೋದೀತು. ಬೇಸಗೆಯಲ್ಲಿ ಗೂಡಿನ ಮೇಲೆ ಒದ್ದೆ ಗೋಣಿತಾಟು ಹೊದಿಸಿ, ತಣ್ಣೀರನ್ನು ಸದಾ ಇಡಿರಿ.