ರಜಾ ದಿನಕ್ಕೊಂದು ಗುಡ್ಡ, ಒಂದು ಕೆರೆ

ರಜೆ ಬಂತೆಂದರೆ ನಾವು ಮಡಿಕೇರಿ, ಊಟಿಗಳ ದಾರಿ ವಿಚಾರಿಸುತ್ತೇವೆ. ಕಾಸರಗೋಡು ಪೇಟೆಯಿಂದ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಪೊಸಡಿಗುಂಪೆ ನಮಗೆ ನೆನಪಾಗುವುದಿಲ್ಲ.

ಧರ್ಮತ್ತಡ್ಕದ ಬಳಿಯ ಈ ಗುಡ್ಡ ಸಮುದ್ರಮಟ್ಟದಿಂದ ಸುಮಾರು 1,060 ಅಡಿ ಎತ್ತರದಲ್ಲಿದೆ. ಮಳೆ ಕಳೆದು ಆಕಾಶ ತಿಳಿಯಾದ ದಿನ ತುದಿಯಲ್ಲಿ ನಿಂತರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಘಟ್ಟದ ಸಾಲು. ತುಲಾ ಮಾಸದ ಸಂಜೆ ಮಾತ್ರ ಹತ್ತಬಾರದು. ಸಿಡಿಲು ಬಂದರೆ ಬೋಳುಗುಡ್ಡದಲ್ಲಿ ಮರೆಯಿಲ್ಲ.

ಹಿಂದಿರುಗುವಾಗ ಕುಂಬಳೆ-ಬದಿಯಡ್ಕ ರಸ್ತೆಯ ನಾಯ್ಕಾಪಿನಲ್ಲಿ ತಿರುಗಿದರೆ ಅನಂತಪುರ. ವಿಶಾಲವಾದ ಪದವಿನ ನಡುವೆ ಕೆರೆ, ಕೆರೆಯ ನಡುವೆ ಗುಡಿ. ಇಲ್ಲಿನ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ಅಸುನೀಗಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು.

ಇಂಥ ಮುರಕಲ್ಲಿನ ಪದವುಗಳನ್ನು ಪಾಳು ನೆಲವೆನ್ನುವವರುಂಟು. ಆದರೆ ಪದವು, ಗುಡ್ಡಗಳ ಮೇಲೆ ಬಿದ್ದ ಮಳೆಯೇ ಕಲ್ಲಿನೊಳಗೆ ಇಳಿದು ನಮ್ಮ ಸುರಂಗಗಳಲ್ಲಿ ಒಸರಾಗಿ ಬರುತ್ತದೆ. ಎಷ್ಟೋ ಅಡಿಕೆ ತೋಟಗಳು ಬದುಕಿರುವುದು ಆ ನೀರಿನಿಂದ. ಗುಡ್ಡ ಕಡಿದು ಮಾರಿದರೆ ಬೇಸಗೆಯಲ್ಲಿ ಬತ್ತುವುದು ನಮ್ಮದೇ ಸುರಂಗ.

ಗುಂಪೆ, ಪದವು, ಅಡ್ಕ, ಒಸರು ಎಂಬ ಮಾತುಗಳನ್ನು ಶಾಲೆಯ ಪುಸ್ತಕ ಕಲಿಸಲಾರದು. ಮಕ್ಕಳನ್ನು ಕರೆದೊಯ್ದು ತೋರಿಸಿಯೇ ಕಲಿಸಬೇಕು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗೋಣ. ಒಣಹುಲ್ಲಿಗೆ ಬೆಂಕಿ ತಾಗದಂತೆ ನೋಡಿಕೊಳ್ಳೋಣ, ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರೋಣ. ನಡೆದು ನೋಡಿದ ಗುಡ್ಡವನ್ನು ಮಕ್ಕಳು ಮುಂದೆ ಸುಲಭವಾಗಿ ಬಿಟ್ಟುಕೊಡಲಾರರು.