ಅಜ್ಜಿ ಅದನ್ನೇ ಮತ್ತೆ ಯಾಕೆ ಕೇಳುತ್ತಾಳೆ?

"ತಮ್ಮಾ, ಉಂಡೇನ?" ಅಂತ ಅಜ್ಜಿ ಕೇಳುತ್ತಾಳೆ. "ಉಂಡೆ" ಅನ್ನುತ್ತೀರಿ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ನಾಲ್ಕನೇ ಸಲಕ್ಕೆ ಸಿಟ್ಟು ಬರುತ್ತದೆ. "ವಯಸ್ಸಾತು, ಅರಳು ಮರಳು" ಅಂತ ಮನೆಯವರು ಸುಮ್ಮನಾಗುತ್ತಾರೆ.

ಆದರೆ ಮಕ್ಕಳೇ, ವಯಸ್ಸಾದವರಿಗೆಲ್ಲ ಹೀಗಾಗುವುದಿಲ್ಲ. ಚಾಳೀಸು ಎಲ್ಲಿಟ್ಟೆ ಅಂತ ಮರೆಯುವುದು ಸಹಜ. ಐವತ್ತು ವರ್ಷ ಬಾಳಿದ ಓಣಿಯಲ್ಲೇ ದಾರಿ ತಪ್ಪುವುದು ಸಹಜವಲ್ಲ. ಅದು ಆಲ್ಝೈಮರ್ ಎಂಬ ಮೆದುಳಿನ ಕಾಯಿಲೆ ಇರಬಹುದು.

1906ರಲ್ಲಿ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ತೀರಿಹೋದ ರೋಗಿಯೊಬ್ಬಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಏನೋ ಗಟ್ಟಿಯಾಗಿ ಕೂತಿತ್ತು, ಒಳಗೆ ಎಳೆಗಳು ಸಿಕ್ಕುಬಿದ್ದಿದ್ದವು. ಮಗ್ಗದ ನೂಲು ಸಿಕ್ಕಾದರೆ ಏನಾಗುತ್ತದೆಂದು ಸೋಲಾಪುರದವರಿಗೆ ಹೇಳಬೇಕಿಲ್ಲ. ಹೊರಗಿನದು ಅಮಿಲಾಯ್ಡ್, ಒಳಗಿನದು ಟೌ, ಎರಡೂ ಪ್ರೋಟೀನುಗಳು. ಹೊಸ ನೆನಪು ಕೂಡಿಡುವ ಭಾಗ ಹಿಪೊಕ್ಯಾಂಪಸ್. ಅದಕ್ಕೆ ಏಟು ಬೀಳುವುದು ಬಹಳ ಬೇಗ. ಅದಕ್ಕೇ ಅಜ್ಜಿಗೆ ತನ್ನ ಮದುವೆಯ ದಿನ ನೆನಪಿದೆ, ನೀವು ಈಗಷ್ಟೇ ಕೊಟ್ಟ ಉತ್ತರ ಉಳಿಯಲಿಲ್ಲ. ಅವಳ ಪಾಲಿಗೆ ಪ್ರತಿ ಸಲವೂ ಅದು ಮೊದಲನೇ ಸಲ.

ನಮ್ಮಂಥ ಗಡಿಯವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಅಕ್ಕಲಕೋಟೆಯಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಸೋಲಾಪುರದಲ್ಲಾದರೆ ತೆಲುಗೂ ಕಿವಿಗೆ ಬೀಳುತ್ತದೆ. ಹೈದರಾಬಾದಿನಲ್ಲಿ ವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳನ್ನು ಅಭ್ಯಾಸ ಮಾಡಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರ ಇತ್ತು! ಹಾಗಂತ ಎರಡು ಭಾಷೆ ಬಂದವರಿಗೆ ಕಾಯಿಲೆ ಬರುವುದೇ ಇಲ್ಲವೆಂದಲ್ಲ.

ಮರೆವು ಹೆಚ್ಚಾದರೆ ಮೊದಲು ಡಾಕ್ಟರಿಗೆ ತೋರಿಸಬೇಕು. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರುತ್ತದೆ; ಇವುಗಳಿಗೆ ಚಿಕಿತ್ಸೆ ಇದೆ. ಆಲ್ಝೈಮರ್ ಪೂರ್ತಿ ವಾಸಿಯಾಗುವುದಿಲ್ಲ, ಔಷಧಿಯಿಂದ ಕೆಲವರಿಗೆ ಸ್ವಲ್ಪ ಕಾಲ ಅನುಕೂಲವಾಗುತ್ತದೆ. ಉಳಿದದ್ದೆಲ್ಲ ಮನೆಯವರ ಆರೈಕೆ.

"ಆಗಲೇ ಹೇಳೀನಲ್ಲ!" ಅಂತ ವಾದಿಸಬೇಡಿ. ಮಾತು ಮರೆತರೂ ಬೈಸಿಕೊಂಡ ನೋವು ಉಳಿಯಬಹುದು. ಅವರ ಸಾಮಾನು ಜಾಗ ಬದಲಿಸಬೇಡಿ. ಹೆಸರು, ಫೋನ್ ನಂಬರಿನ ಚೀಟಿ ಅವರ ಹತ್ತಿರ ಸದಾ ಇರಲಿ. ಹಗಲೂ ರಾತ್ರಿ ನೋಡಿಕೊಳ್ಳುವುದು ಹೆಚ್ಚಾಗಿ ಅವ್ವನೇ. ಸಂಜೆ ಒಂದು ತಾಸು ನೀವು ಅಜ್ಜಿಯ ಹತ್ತಿರ ಕೂತರೆ ಅವ್ವನಿಗೂ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಉಚಿತ.

ತನ್ನ ಮನೆಯಲ್ಲೇ ಕೂತು ಅಜ್ಜಿ "ನಮ್ಮ ಊರಿಗಿ ಹೋಗೂಣು ನಡಿ" ಅಂದರೆ "ಇದೇ ನಿನ್ನ ಊರು" ಅನ್ನಬೇಡಿ. "ನಿಮ್ಮ ಊರಾಗ ಬಾವಿ ಎಲ್ಲಿತ್ತು ಅಜ್ಜಿ?" ಅಂತ ಕೇಳಿ.