ಇಟ್ಟಿಗೆ ಹಿಡಿದ ಕೈ

ಮನೆ ಕಟ್ಟುವ ಕಡೆ ನೀವೂ ನೋಡಿರುತ್ತೀರಿ ಮಕ್ಕಳೇ. ಕೆಳಗಿನವನು ಇಟ್ಟಿಗೆಯನ್ನು ಮೇಲಕ್ಕೆ ಎಸೆಯುತ್ತಾನೆ. ಸಾರುವೆಯ ಮೇಲೆ ನಿಂತವನು ಅದನ್ನು ಹಿಡಿದು ಪಕ್ಕಕ್ಕಿಡುತ್ತಾನೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ರಾಫರ್ಡ್ ಎಂಬ ಪುಟ್ಟ ಊರಿನಲ್ಲಿ ಒಬ್ಬ ಹುಡುಗ ಬೇಸಿಗೆಯಲ್ಲಿ ಇದೇ ಕೆಲಸ ಮಾಡುತ್ತಿದ್ದ. ಅಪ್ಪ ಗಾರೆ ಕೆಲಸದವರು. ಅಣ್ಣ ತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಇವನು ಮೇಲೆ ನಿಂತು ಹಿಡಿಯಬೇಕು. 1962ರಲ್ಲಿ ಹುಟ್ಟಿದ ಆ ಹುಡುಗನ ಹೆಸರು ಜೆರ್ರಿ ರೈಸ್.

ಒಂದು ದಿನ ಅವನು ತರಗತಿ ತಪ್ಪಿಸಿ ಅಲೆಯುತ್ತಿದ್ದಾಗ ಶಾಲೆಯ ಉಪ ಮುಖ್ಯೋಪಾಧ್ಯಾಯರ ಕಣ್ಣಿಗೆ ಬಿದ್ದ. ಓಟ ಕಿತ್ತ ನೋಡಿ! ಮೇಷ್ಟ್ರು ಶಿಕ್ಷೆ ಕೊಟ್ಟರು, ಜೊತೆಗೆ ಆ ಓಟವನ್ನು ಫುಟ್‌ಬಾಲ್ ತರಬೇತುದಾರರಿಗೂ ತಿಳಿಸಿದರು.

ಅಮೆರಿಕದ ಫುಟ್‌ಬಾಲ್ ನಮ್ಮದರಂತಲ್ಲ. ಚೆಂಡು ಸುಲಿದ ತೆಂಗಿನಕಾಯಿಯ ಆಕಾರದ್ದು, ಒದೆಯುವುದಕ್ಕಿಂತ ಕೈಯಲ್ಲಿ ಎಸೆಯುವುದೇ ಹೆಚ್ಚು. ಕ್ವಾರ್ಟರ್‌ಬ್ಯಾಕ್ ಎಂಬಾತ ಎಸೆಯುತ್ತಾನೆ. ಮೈದಾನದ ಅಂಚಿನಿಂದ ಓಡಿಬಂದು, ಎದುರಾಳಿಗಳನ್ನು ತಪ್ಪಿಸಿ ಅದನ್ನು ಹಿಡಿಯುವವನೇ ವೈಡ್ ರಿಸೀವರ್. ಚೆಂಡು ಹಿಡಿದು ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ.

ದೊಡ್ಡ ಕಾಲೇಜುಗಳು ರೈಸ್‌ನನ್ನು ಕರೆಯಲಿಲ್ಲ. ಇಟ್ಟಾ ಬೀನಾ ಎಂಬ ಸಣ್ಣ ಊರಿನ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್‌ನಲ್ಲಿ ಆಡಿ ಹೆಸರು ಮಾಡಿದ. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಆರಿಸಿಕೊಂಡಿತು. ಆದರೆ ಮೊದಲ ವರ್ಷ ಆ ಇಟ್ಟಿಗೆ ಹಿಡಿದ ಕೈಯಿಂದಲೇ ಚೆಂಡು ಮತ್ತೆ ಮತ್ತೆ ಜಾರಿತು! ಸ್ವಂತ ಊರಿನ ಪ್ರೇಕ್ಷಕರೇ ಕೂಗಿ ಹೀಯಾಳಿಸಿದರು. ಕ್ಯಾಷ್ ಕೌಂಟರಿನಲ್ಲಿ ಮೊದಲ ವರ್ಷ ಎಣಿಕೆ ತಪ್ಪಿ, ಕೊರತೆಯ ಹಣವನ್ನು ಕೈಯಿಂದ ಕಟ್ಟಿದವನು ನಾನು. ಎದುರಿನ ಸಾಲು ಬೆಳೆದಷ್ಟೂ ಬೆರಳು ತೊಡರುತ್ತದೆ. ಅದೇ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ತಂಡದ ಎದುರು ರೈಸ್ 10 ಚೆಂಡು ಹಿಡಿದು 241 ಗಜ ಗಳಿಸಿದರು. ಆಮೇಲೆ ಕೂಗು ನಿಂತಿತು.

ಅಭ್ಯಾಸ ಮಾತ್ರ ನಿಲ್ಲಲಿಲ್ಲ. ರಜೆಯ ತಿಂಗಳುಗಳಲ್ಲಿ ಊರ ಹತ್ತಿರದ ಗುಡ್ಡದ ಸುಮಾರು 4 ಕಿಲೋಮೀಟರ್ ಏರುದಾರಿಯನ್ನು ಓಡುತ್ತಿದ್ದರು. ಜೊತೆಗೆ ಓಡಲು ಬಂದ ಹಲವರು ಏದುಸಿರು ಬಿಟ್ಟು ಕೂತರಂತೆ.

ಅವರ ಲೆಕ್ಕ ನೋಡಿ: 20 ವರ್ಷದಲ್ಲಿ 1,549 ಸಲ ಚೆಂಡು ಹಿಡಿದು 22,895 ಗಜ. ಬ್ಯಾಂಕಿನ ಲೆಡ್ಜರ್ ಬರೆದವನಿಗೆ ಅಂಕಿ ಕಂಡರೆ ಸುಮ್ಮನಿರಲಾಗದು, ಕಿಲೋಮೀಟರಿಗೆ ತಿರುಗಿಸಿದೆ. ಸುಮಾರು 21! ಅದೂ ಕೆಡವಲು ಮೈಮೇಲೆ ಬೀಳುವವರ ನಡುವೆ. ಎರಡನೆಯ ಸ್ಥಾನದ ಲ್ಯಾರಿ ಫಿಟ್ಜೆರಾಲ್ಡ್ 17,492 ಗಜದಲ್ಲಿದ್ದಾರೆ. ರೈಸ್ ಇದ್ದ ತಂಡ ಮೂರು ಸಲ ಸೂಪರ್ ಬೌಲ್ ಗೆದ್ದಿತು.

1997ರ ಮೊದಲ ಪಂದ್ಯದಲ್ಲೇ ಎಡ ಮೊಣಕಾಲಿನ ಕಟ್ಟುಗಳು ಹರಿದವು. ವಯಸ್ಸು 35ರ ಹತ್ತಿರ. ಎಲ್ಲರೂ ಮುಗಿಯಿತೆಂದುಕೊಂಡರು. ಡಿಸೆಂಬರಿನಲ್ಲಿ ಅವಸರದಿಂದ ಮರಳಿ ಬಂದು ಟಚ್‌ಡೌನ್ ಹೊಡೆದರು. ಬಿದ್ದ ರಭಸಕ್ಕೆ ಅದೇ ಕಾಲಿನ ಮಂಡಿಚಿಪ್ಪು ಬಿರುಕು ಬಿಟ್ಟಿತು. ಅಷ್ಟು ಆತುರ ಬೇಕಿತ್ತೇ ಎಂದು ನನ್ನಂಥ ಮೊಣಕಾಲು ನೋವಿನವನಿಗೆ ಅನ್ನಿಸುತ್ತದೆ. ಆದರೂ ಮರುವರ್ಷ ಬಂದರು. ಬೇರೆ ತಂಡ ಸೇರಿ, 40 ತುಂಬಿದ ಮೇಲೂ ಸೂಪರ್ ಬೌಲ್‌ನಲ್ಲಿ ಟಚ್‌ಡೌನ್ ಹಿಡಿದರು. ಆ ಸಲ ಮಾತ್ರ ಅವರ ತಂಡ ಸೋತಿತು.

2010ರಲ್ಲಿ ಒಹಾಯೊದ ಕ್ಯಾಂಟನ್‌ನಲ್ಲಿ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಅಲ್ಲಿ ತಮ್ಮನ್ನು ಓಡಿಸಿದ್ದು ಸೋಲಿನ ಭಯ ಎಂದು ಒಪ್ಪಿಕೊಂಡರು. ಆಟವನ್ನು ನಿಂತು ಸವಿಯಲು ಬಿಡುವು ಮಾಡಿಕೊಳ್ಳದಿದ್ದುದೊಂದೇ ತಮ್ಮ ಕೊರಗು ಎಂದೂ ಹೇಳಿದರು. 22,895 ಗಜ ಓಡಿದವರ ಬಾಯಲ್ಲಿ ಈ ಮಾತು ಓದಿ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಅಂದ ಹಾಗೆ, ನಿವೃತ್ತಿಯ ನಂತರ ರೈಸ್ ಟಿವಿಯ ನೃತ್ಯ ಸ್ಪರ್ಧೆಯಲ್ಲೂ ಕುಣಿದರು. ಎರಡನೆಯ ಸ್ಥಾನ ಬಂತು.